ಕಪ್ಪುಕುಳಿ ನಿಜವಾಗ್ಲೂ ಇದೆಯಾ? ದುರ್ಗ-ದಾವಣಗೆರೆ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ, ದಾವಣಗೆರೆ, ಚಳ್ಳಕೆರೆ ಕಡೆಯ ಶಾಲೆ-ಕಾಲೇಜುಗಳಲ್ಲಿ ಟೆಲಿಸ್ಕೋಪ್ ಇಟ್ಟು ಆಕಾಶ ತೋರಿಸುವುದು ನಮ್ಮ ಹವ್ಯಾಸ. ಶನಿಯ ಬಳೆ ನೋಡೋಕೆ ಬಂದವರು ಕಡೆಗೆ ಕೇಳುವುದು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಬಗ್ಗೆ, ಅಂದ್ರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ಪ್ರದೇಶದ ಬಗ್ಗೆ. ಅದು ಇದೆಯಾ, ಇಲ್ವಾ? ವಿಜ್ಞಾನಿಗಳೇ ಇನ್ನೂ ಕಿತ್ತಾಡ್ತಿದ್ದಾರಂತೆ, ಹೌದಾ? ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಸುತ್ತಿ ಬಳಸದೆ ಹೇಳಿ. ಕಪ್ಪುಕುಳಿ ಇದೆಯೋ ಇಲ್ಲವೋ?

ಇದೆ. ಆದರೆ ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಅವನ್ನು ಬಿಡಿಸದೆ ವಾದಕ್ಕೆ ಕೂತರೆ ಬೆಳಗಾದರೂ ಮುಗಿಯಲ್ಲ.

ಮೊದಲನೆಯದು: ಭಾರಿ ತೂಕ ಇದ್ದು, ತೀರಾ ಚಿಕ್ಕ ಜಾಗದಲ್ಲಿ ಅಡಗಿ, ತಾನಾಗಿ ಬೆಳಗದ ವಸ್ತುಗಳು ಆಕಾಶದಲ್ಲಿವೆಯಾ? ಇವೆ. ಈ ಬಗ್ಗೆ ಇದ್ದ ಜಗಳ ಮುಗಿದಿದೆ.

ಎರಡನೆಯದು: ಆ ವಸ್ತುವಿನ ಸುತ್ತ, ದಾಟಿದರೆ ಬೆಳಕೂ ವಾಪಸ್ ಬರಲಾಗದ ಗಡಿ ಇದೆಯಾ? ಇದಕ್ಕೆ ಈವೆಂಟ್ ಹೊರೈಜನ್ ಅನ್ನುತ್ತಾರೆ. ನಾವು ಸುಮ್ನೆ ದಿಗಂತ ಅನ್ನೋಣ. ಸಾಕ್ಷಿಗಳೆಲ್ಲ "ಇದೆ" ಅನ್ನುವ ಕಡೆಗೇ ವಾಲುತ್ತವೆ. ಆದರೆ ಕೊನೆಯ ಮೊಳೆ ಇನ್ನೂ ಹೊಡೆದಿಲ್ಲ.

ಮೂರನೆಯದು: ಆ ಗಡಿಯೊಳಗೆ ಎಲ್ಲ ತೂಕವೂ ಒಂದೇ ಬಿಂದುವಿಗೆ ಕುಸಿದಿರುತ್ತದಾ? ಇದರ ಹೆಸರು ಸಿಂಗ್ಯುಲಾರಿಟಿ. ಇಲ್ಲಿ ಬಹಳಷ್ಟು ಭೌತವಿಜ್ಞಾನಿಗಳೇ "ನಮ್ಮ ಲೆಕ್ಕ ಅಲ್ಲಿ ಕೈಕೊಡುತ್ತದೆ, ನಿಜವಾಗಿ ಬೇರೇನೋ ಇರಬೇಕು" ಅನ್ನುತ್ತಾರೆ.

"ಕಪ್ಪುಕುಳಿ ಇಲ್ಲವಂತೆ" ಅಂತ ಬರುವ ಸುದ್ದಿಗಳಲ್ಲಿ ಹೆಚ್ಚಿನವು ಎರಡನೆಯ ಅಥವಾ ಮೂರನೆಯ ಪ್ರಶ್ನೆಗೆ ಸೇರಿದವು. ತಲೆಬರಹಕ್ಕೆ ಬರುವಷ್ಟರಲ್ಲಿ ಅವು ಮೊದಲನೆಯದರ ವೇಷ ಹಾಕಿಕೊಂಡಿರುತ್ತವೆ.

ಸ್ಟೀಫನ್ ಹಾಕಿಂಗ್ ಅವರೇ "ಕಪ್ಪುಕುಳಿ ಇಲ್ಲ" ಅಂತ ಒಪ್ಪಿಕೊಂಡರು ಅನ್ನೋ ಮೆಸೇಜ್ ಬಂದಿದೆ. ನಿಜಾನಾ?

ಅರ್ಧ ನಿಜ. ಅದಕ್ಕೇ ಅದು ಇಷ್ಟು ವರ್ಷ ವಾಟ್ಸಾಪ್‌ನಲ್ಲಿ ಬದುಕಿದೆ.

2014ರ ಜನವರಿಯಲ್ಲಿ ಹಾಕಿಂಗ್ ಒಂದು ಪುಟ್ಟ ಲೇಖನ ಬರೆದರು. ಬೆಳಕು ಎಂದೆಂದಿಗೂ ಹೊರಬರಲಾಗದ ಜಾಗ ಅನ್ನೋ ಅರ್ಥದಲ್ಲಿ ಕಪ್ಪುಕುಳಿ ಇಲ್ಲ ಎಂಬ ಮಾತು ಅದರಲ್ಲಿ ಇದೆ. ಆ ಅರ್ಥದಲ್ಲಿ ಅನ್ನೋದೇ ಮುಖ್ಯ. ಒಳಗೆ ಬಿದ್ದದ್ದು ಬಹಳ ಬಹಳ ಕಾಲ ಸೆರೆಯಲ್ಲಿದ್ದು, ಕಡೆಗೆ ಗುರುತೇ ಸಿಗದಷ್ಟು ಕಲಸಿಹೋಗಿ ಹೊರಬರಬಹುದು ಎಂದು ಅವರ ವಾದ. ಶಾಶ್ವತ ಗಡಿಯ ಬದಲು ತಾತ್ಕಾಲಿಕ ಗಡಿ, ಅಷ್ಟೇ. ಆಕಾಶದಲ್ಲಿರುವ ಆ ಭಾರಿ ವಸ್ತುಗಳೇ ಸುಳ್ಳು ಅಂತ ಅವರು ಹೇಳಲಿಲ್ಲ. ಮೆಸೇಜ್ ಫಾರ್ವರ್ಡ್ ಮಾಡುವವರು ಅರ್ಧ ಸಾಲು ಇಟ್ಟುಕೊಂಡು ಇನ್ನರ್ಧ ಕತ್ತರಿಸಿದರು.

ಕುಳಿ ಅಂದ್ರೆ ತೂತು ತಾನೇ? ನಮ್ಮ ಓಬವ್ವನ ಕಿಂಡಿ ಥರ, ಒಳಗೆ ತೂರಿದವರು ವಾಪಸ್ ಬರಲ್ಲ?

ಕೋಟೆ ನೋಡಿಕೊಂಡು ಬಂದ ಮಕ್ಕಳು ಇದನ್ನು ಕೇಳದೆ ಬಿಡುವುದೇ ಇಲ್ಲ. ವಾಪಸ್ ಬರಲ್ಲ ಅನ್ನೋವರೆಗೆ ಸರಿ. ಆದರೆ ಕಿಂಡಿ ಇರುವುದು ಬಂಡೆಯ ನಡುವೆ. ಆ ಕಡೆ ಒಂದು ಜಾಗ, ಈ ಕಡೆ ಒಂದು ಜಾಗ. ಹೈದರಾಲಿಯ ಸೈನಿಕ ತಲೆ ತೂರಿಸಿದಾಗ ತಾನು ಎಲ್ಲಿಗೆ ತೂರುತ್ತಿದ್ದೇನೆ ಅನ್ನೋದು ಅವನಿಗೆ ಗೊತ್ತಿತ್ತು. ಕಪ್ಪುಕುಳಿಗೆ ಬಂಡೆಯೂ ಇಲ್ಲ, ಬಾಗಿಲೂ ಇಲ್ಲ. ಎಲ್ಲ ದಿಕ್ಕಿನಿಂದಲೂ ಅದು ಉಂಡೆಯೇ. ದೊಡ್ಡ ಕಪ್ಪುಕುಳಿಯ ದಿಗಂತವನ್ನು ದಾಟುವಾಗ ದಾಟಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಒನಕೆ ಹಿಡಿದು ಅಲ್ಲಿ ಯಾರೂ ನಿಂತಿರುವುದಿಲ್ಲ.

ಎಷ್ಟು ದೊಡ್ಡದಿರುತ್ತೆ?

ತೂಕದ ಮೇಲೆ ಹೋಗುತ್ತದೆ. ಸೂರ್ಯನನ್ನು ಹಿಂಡಿ ಕಪ್ಪುಕುಳಿ ಮಾಡಬೇಕೆಂದರೆ 3 ಕಿಲೋಮೀಟರ್ ತ್ರಿಜ್ಯಕ್ಕೆ ತರಬೇಕು. ಭೂಮಿಯನ್ನಾದರೆ 9 ಮಿಲಿಮೀಟರ್‌ಗೆ. ಸೂರ್ಯನ ಹತ್ತು ಪಟ್ಟು ತೂಕದ ಕಪ್ಪುಕುಳಿಯ ಅಡ್ಡಗಲ ಸುಮಾರು 60 ಕಿಲೋಮೀಟರ್. ಅಂದ್ರೆ ಚಿತ್ರದುರ್ಗದಲ್ಲಿ ಒಂದು ಅಂಚು ಇಟ್ಟರೆ ಇನ್ನೊಂದು ಅಂಚು ದಾವಣಗೆರೆಗೆ ಬರುತ್ತದೆ. ಹತ್ತು ಸೂರ್ಯರು ಭರಮಸಾಗರದ ಆಚೆ-ಈಚೆ ಮುಗಿದುಹೋದರು, ನೋಡಿ.

ನಮ್ಮ ಗ್ಯಾಲಕ್ಸಿಯ ನಡುವೆ ಇರುವುದು ಸೂರ್ಯನ 40 ಲಕ್ಷ ಪಟ್ಟಿಗಿಂತ ತುಸು ಹೆಚ್ಚು ತೂಕದ್ದು. ಅದರ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ಎಂ87 ಎಂಬ ಗ್ಯಾಲಕ್ಸಿಯಲ್ಲಿರುವುದು ಸೂರ್ಯನ 650 ಕೋಟಿ ಪಟ್ಟು.

ಐನ್‌ಸ್ಟೈನ್ ಅವರ ಸಿದ್ಧಾಂತದಿಂದಲೇ ಹುಟ್ಟಿದ್ದಲ್ವಾ? ಅವರು ನಂಬಿದ್ರಾ?

ನಂಬಲಿಲ್ಲ. ಬೇಡವಾದ ಮಗು ಅಂತಾರಲ್ಲ, ಹಾಗಾಯಿತು.

1915ರಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಕೊಟ್ಟರು. ಅದೇ ಚಳಿಗಾಲದಲ್ಲಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಎಂಬ ಜರ್ಮನ್ ವಿಜ್ಞಾನಿ, ಮೊದಲ ಮಹಾಯುದ್ಧದ ರಷ್ಯಾ ಗಡಿಯಲ್ಲಿ ಸೇವೆಯಲ್ಲಿದ್ದಾಗಲೇ, ಅದರ ಸಮೀಕರಣಕ್ಕೆ ಮೊದಲ ನಿಖರ ಉತ್ತರ ಕಂಡುಹಿಡಿದರು. ಕೆಲವೇ ತಿಂಗಳಲ್ಲಿ, 1916ರ ಮೇನಲ್ಲಿ ತೀರಿಕೊಂಡರು. ಆ ಉತ್ತರದಲ್ಲಿ ಒಂದು ವಿಚಿತ್ರ ತ್ರಿಜ್ಯ ಇತ್ತು. ಅಲ್ಲಿ ಲೆಕ್ಕ ಹುಚ್ಚು ಹಿಡಿದಂತೆ ಆಡುತ್ತಿತ್ತು. ಅದು ಬರೀ ಗಣಿತದ ಆಟ, ಪ್ರಕೃತಿಯಲ್ಲಿ ಹಾಗೆಲ್ಲ ಆಗಲ್ಲ ಅಂತ ಬಹಳ ಜನ ಪಕ್ಕಕ್ಕಿಟ್ಟರು.

1939ರಲ್ಲಿ ಐನ್‌ಸ್ಟೈನ್ ಇದನ್ನೇ ಸಾಧಿಸಲು ಒಂದು ಲೇಖನ ಬರೆದರು. ಸುತ್ತುತ್ತಿರುವ ಕಣಗಳ ಗುಂಪೊಂದನ್ನು ತೆಗೆದುಕೊಂಡು, ಅದನ್ನು ಅಷ್ಟು ಚಿಕ್ಕದು ಮಾಡಲು ಹೋದರೆ ಕಣಗಳು ಬೆಳಕಿನ ವೇಗ ಮುಟ್ಟಬೇಕಾಗುತ್ತದೆ, ಹಾಗಾಗಿ ಸಾಧ್ಯವಿಲ್ಲ ಎಂದರು. ಲೆಕ್ಕ ಸರಿಯಿತ್ತು. ಆದರೆ ಸ್ಥಿರವಾಗಿ ಸುತ್ತುವ ಗುಂಪನ್ನಷ್ಟೇ ನೋಡಿದ್ದರು. ಸುತ್ತುವುದನ್ನು ಬಿಟ್ಟು ಸುಮ್ನೆ ಒಳಗೆ ಕುಸಿದರೆ? ಅದೇ ವರ್ಷ ಸೆಪ್ಟೆಂಬರ್ 1ರಂದು ಓಪನ್‌ಹೈಮರ್ ಮತ್ತು ಸ್ನೈಡರ್ ಅವರ ಲೇಖನ ಬಂತು. ಇಂಧನ ಮುಗಿದ ಭಾರಿ ನಕ್ಷತ್ರ ಕುಸಿಯುತ್ತಲೇ ಹೋಗಿ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತದೆ ಎಂದು ಅವರು ತೋರಿಸಿದರು. ಅವತ್ತೇ ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿತು. ಮುಂದೆ ಓಪನ್‌ಹೈಮರ್ ಬಾಂಬಿನ ಕೆಲಸಕ್ಕೆ ಹೋದರು. ಕಪ್ಪುಕುಳಿ ಬಹಳ ವರ್ಷ ಮೂಲೆಗೆ ಬಿತ್ತು.

ನಮ್ಮ ಚಂದ್ರಶೇಖರ್ ಅವರನ್ನು ಅವಮಾನ ಮಾಡಿದ ಕಥೆ ಇದೇನಾ?

ಅದಕ್ಕೂ ಸ್ವಲ್ಪ ಮೊದಲಿನದು. 1930ರಲ್ಲಿ, 19 ವರ್ಷದ ಎಸ್. ಚಂದ್ರಶೇಖರ್ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಒಂದು ಲೆಕ್ಕ ಮಾಡಿದರು. ಸತ್ತ ನಕ್ಷತ್ರ ಒಂದು ಮಿತಿಗಿಂತ ಭಾರವಾಗಿದ್ದರೆ ಶ್ವೇತಕುಬ್ಜವಾಗಿ (ಇಂಧನ ಮುಗಿದು ಕುಗ್ಗಿದ ಪುಟ್ಟ ನಕ್ಷತ್ರವಾಗಿ) ನಿಲ್ಲಲಾರದು ಎಂದು. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಅವರು ಇದನ್ನು ಮಂಡಿಸಿದ ಮೇಲೆ, ಆ ಕಾಲದ ದೊಡ್ಡ ಹೆಸರಾದ ಆರ್ಥರ್ ಎಡಿಂಗ್ಟನ್ ಎದ್ದು ಎಲ್ಲರೆದುರು ಗೇಲಿ ಮಾಡಿದರು. ನಕ್ಷತ್ರ ಹೀಗೆ ಹುಚ್ಚುಚ್ಚಾಗಿ ಆಡದಂತೆ ತಡೆಯುವ ಪ್ರಕೃತಿ ನಿಯಮ ಯಾವುದೋ ಇರಬೇಕು ಅಂದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಕುಸಿತ ಎಲ್ಲಿಗೆ ಮುಟ್ಟುತ್ತದೆ ಅನ್ನೋದು ಎಡಿಂಗ್ಟನ್ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಬೆಳಕೂ ಹೊರಬರದಷ್ಟು ಕುಗ್ಗುತ್ತದೆ ಅಂತ ಅವರೇ ಹೇಳಿದರು. ಅರ್ಥವಾಗಿದ್ದಕ್ಕೇ ಒಪ್ಪಲಿಲ್ಲ. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಕಣ್ಣಿಗೆ ಕಾಣದ್ದನ್ನು "ಇದೆ" ಅಂತ ಹೇಗೆ ಹೇಳ್ತೀರಿ?

ಅದರ ಪಕ್ಕದವರು ಹೇಗೆ ಓಡಾಡುತ್ತಾರೆ ಅನ್ನೋದನ್ನು ನೋಡಿ.

1964ರಲ್ಲಿ ರಾಕೆಟ್ ಮೂಲಕ ಹಂಸ ನಕ್ಷತ್ರಪುಂಜದಲ್ಲಿ ಬಲವಾದ ಎಕ್ಸ್‌ರೇ ಮೂಲ ಒಂದು ಸಿಕ್ಕಿತು. ಸಿಗ್ನಸ್ ಎಕ್ಸ್-1 ಅಂತ ಹೆಸರು. ಅಲ್ಲಿ ನೀಲಿ ಬಣ್ಣದ ದೊಡ್ಡ ನಕ್ಷತ್ರವೊಂದು ಕಾಣದ ಜೊತೆಗಾರನ ಸುತ್ತ ಐದೂವರೆ ದಿನಕ್ಕೊಮ್ಮೆ ಸುತ್ತುತ್ತಿದೆ ಎಂದು 1971ರ ಹೊತ್ತಿಗೆ ಗೊತ್ತಾಯಿತು. ಆ ಜೊತೆಗಾರನ ತೂಕ ಈಗಿನ ಲೆಕ್ಕದಲ್ಲಿ ಸೂರ್ಯನ ಸುಮಾರು 21 ಪಟ್ಟು. ಅಷ್ಟು ತೂಕದ ನಕ್ಷತ್ರ ಇದ್ದಿದ್ದರೆ ಧಾರಾಳವಾಗಿ ಕಾಣಬೇಕಿತ್ತು. ಇದರ ಮೇಲೆ 1974ರಲ್ಲಿ ಹಾಕಿಂಗ್ ಮತ್ತು ಕಿಪ್ ಥಾರ್ನ್ ಬಾಜಿ ಕಟ್ಟಿದರು. ಹಾಕಿಂಗ್ ಕಟ್ಟಿದ್ದು "ಇದು ಕಪ್ಪುಕುಳಿ ಅಲ್ಲ" ಅನ್ನೋ ಕಡೆಗೆ. ಜೀವನವಿಡೀ ಕಪ್ಪುಕುಳಿ ಮೇಲೆ ಕೆಲಸ ಮಾಡಿ ಅದೇ ಸುಳ್ಳಾದರೆ ಒಂದು ಬಾಜಿಯಾದರೂ ಗೆದ್ದ ಸಮಾಧಾನ ಇರಲಿ ಅಂತ! 1990ರಲ್ಲಿ ಸೋಲೊಪ್ಪಿ, ಮಾತಿನಂತೆ ಥಾರ್ನ್‌ಗೆ ಮ್ಯಾಗಜಿನ್ ಚಂದಾ ಕಟ್ಟಿದರು.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ಗ್ಯಾಲಕ್ಸಿಯ ನಡುವೆ ಇದೆ. ಅಲ್ಲಿ ಎಸ್2 ಎಂಬ ನಕ್ಷತ್ರ ಏನೂ ಕಾಣದ ಜಾಗವೊಂದರ ಸುತ್ತ 16 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ ಚಿಲಿಯಿಂದ, ಆಂಡ್ರಿಯಾ ಗೆಜ್ ಅವರ ತಂಡ ಹವಾಯಿಯಿಂದ ಇದನ್ನು ವರ್ಷಗಟ್ಟಲೆ ಹಿಂಬಾಲಿಸಿದವು. 2018ರ ಮೇನಲ್ಲಿ ಎಸ್2 ಆ ಜಾಗಕ್ಕೆ ಅತಿ ಹತ್ತಿರ ಬಂತು. ಭೂಮಿ-ಸೂರ್ಯರ ದೂರದ ಸುಮಾರು 120 ಪಟ್ಟು ಅಂತರ, ಸೆಕೆಂಡಿಗೆ 7,000 ಕಿಲೋಮೀಟರ್‌ಗೂ ಮಿಕ್ಕ ವೇಗ. ಆ ವೇಗದಲ್ಲಿ ಹೋಗುವ ನಕ್ಷತ್ರವನ್ನು ಹಿಡಿದು ತಿರುಗಿಸಲು ಸೂರ್ಯನ 40 ಲಕ್ಷ ಪಟ್ಟು ತೂಕ ಬೇಕು. ಅದೂ ಅಷ್ಟು ಕಡಿಮೆ ಜಾಗದಲ್ಲಿ. ಎರಡು ತಂಡಗಳ ಮಧ್ಯೆ ಜೋರು ಪೈಪೋಟಿ ಇತ್ತು, ಉತ್ತರ ಮಾತ್ರ ಒಂದೇ ಬಂತು. ಇಬ್ಬರೂ 2020ರ ನೊಬೆಲ್ ಹಂಚಿಕೊಂಡರು.

ಸರಿ, ಭಾರವಾದ್ದು ಏನೋ ಇದೆ. ಅದಕ್ಕೆ ಗಟ್ಟಿ ಮೇಲ್ಮೈ ಇಲ್ಲ ಅಂತ ಹೇಗೆ ಗೊತ್ತು?

ಒಳ್ಳೆ ಪ್ರಶ್ನೆ. ನಿಜವಾದ ಚರ್ಚೆ ಶುರುವಾಗುವುದೇ ಇಲ್ಲಿಂದ.

ನ್ಯೂಟ್ರಾನ್ ನಕ್ಷತ್ರಕ್ಕೆ, ಅಂದ್ರೆ ಕುಸಿದು ತೀರಾ ಬಿಗಿಯಾದ ಸತ್ತ ನಕ್ಷತ್ರಕ್ಕೆ, ಮೇಲ್ಮೈ ಇದೆ. ಪಕ್ಕದ ನಕ್ಷತ್ರದಿಂದ ಅನಿಲ ಬಂದು ಅದರ ಮೇಲೆ ಬೀಳುತ್ತದೆ, ಪದರ ಪದರವಾಗಿ ಸೇರುತ್ತದೆ, ಒಂದು ಹಂತದಲ್ಲಿ ಬೈಜಿಕ ಸ್ಫೋಟ ಆಗಿ ಎಕ್ಸ್‌ರೇ ಮಿಂಚು ಬರುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದಾರೆ. ಅದೇ ರೀತಿಯ ಜೋಡಿಗಳಲ್ಲಿ, ಭಾರ ಜಾಸ್ತಿಯಾಗಿ ಕಪ್ಪುಕುಳಿ ಅನ್ನಿಸಿಕೊಂಡಿರುವಲ್ಲಿ ಈ ಮಿಂಚು ಕಾಣುವುದಿಲ್ಲ. ಅನಿಲ ಅಲ್ಲೂ ಬೀಳುತ್ತಿದೆ. ಕೂರಲು ಜಾಗ ಇದ್ದಂತಿಲ್ಲ. ಸ್ಯಾಜಿಟೇರಿಯಸ್ ಎ ಸ್ಟಾರ್ ಕಥೆಯೂ ಹೀಗೇ. ಮೇಲ್ಮೈ ಇದ್ದಿದ್ದರೆ ಬಿದ್ದ ಅನಿಲದಿಂದ ಕಾದು ಹೊಳೆಯಬೇಕಿತ್ತು, ಹೊಳೆಯುವುದಿಲ್ಲ. ಹಾರ್ವರ್ಡ್‌ನಲ್ಲಿರುವ ಭಾರತೀಯ ಮೂಲದ ರಮೇಶ್ ನಾರಾಯಣ್ ಈ ವಾದವನ್ನು ಬಹಳ ವರ್ಷದಿಂದ ಕಟ್ಟಿಕೊಂಡು ಬಂದವರಲ್ಲಿ ಪ್ರಮುಖರು.

ಆದರೆ ಇದು "ಕಾಣಲಿಲ್ಲ, ಹಾಗಾಗಿ ಇಲ್ಲ" ಅನ್ನುವ ಜಾತಿಯ ವಾದ. ಬಲವಾದದ್ದೇ, ಆದರೂ ವಿರೋಧಿಗೆ ನುಸುಳಲು ಸಂದು ಇದೆ.

2019ರ ಆ ಕಿತ್ತಳೆ ಬಣ್ಣದ ಉಂಗುರದ ಫೋಟೋ ಇದೆಯಲ್ಲ. ಅಲ್ಲಿಗೆ ಮುಗೀತಲ್ವಾ?

ಮುಗಿಯಲಿಲ್ಲ. ಆದರೆ ಆ ಫೋಟೋ ಹಿಂದಿನ ಕೆಲಸ ತಿಳಿದರೆ ಗೌರವ ಹೆಚ್ಚುತ್ತದೆ.

2017ರ ಏಪ್ರಿಲ್‌ನಲ್ಲಿ ಹವಾಯಿ, ಚಿಲಿ, ಸ್ಪೇನ್, ಮೆಕ್ಸಿಕೋ, ಅಮೆರಿಕದ ಅರಿಜೋನಾ, ದಕ್ಷಿಣ ಧ್ರುವ ಎಂದು ಭೂಮಿಯ ಬೇರೆ ಬೇರೆ ಮೂಲೆಗಳ ಎಂಟು ರೇಡಿಯೋ ದೂರದರ್ಶಕಗಳನ್ನು ಒಂದೇ ಜಾಲಕ್ಕೆ ಸೇರಿಸಿದರು. ದಕ್ಷಿಣ ಧ್ರುವದಿಂದ ಎಂ87 ಕಾಣುವುದಿಲ್ಲ, ಉಳಿದ ಏಳನ್ನು ಒಂದೇ ಹೊತ್ತಿಗೆ ಅದರ ಕಡೆ ತಿರುಗಿಸಿದರು. ಅದು ನಮ್ಮಿಂದ 5.5 ಕೋಟಿ ಜ್ಯೋತಿರ್ವರ್ಷ ದೂರ. ಬಂದ ಡೇಟಾ ಎಷ್ಟಿತ್ತೆಂದರೆ ಇಂಟರ್ನೆಟ್‌ನಲ್ಲಿ ಕಳಿಸೋದು ಆಗದ ಮಾತು. ಹಾರ್ಡ್ ಡಿಸ್ಕ್‌ಗಳನ್ನು ಪೆಟ್ಟಿಗೆಗೆ ತುಂಬಿ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದಲ್ಲಿ ಚಳಿಗಾಲ ಕಳೆಯುವವರೆಗೆ ವಿಮಾನವೇ ಇಲ್ಲ. ಅಲ್ಲಿನ ಪೆಟ್ಟಿಗೆಗಳಿಗಾಗಿ ಎಲ್ಲರೂ ವರ್ಷದ ಕೊನೆವರೆಗೆ ಕಾದರು. ಆಮೇಲೆ ಬೇರೆ ಬೇರೆ ತಂಡಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಚಿತ್ರ ಕಟ್ಟಿದವು. ಎಲ್ಲರಿಗೂ ಉಂಗುರವೇ ಬಂತು. 2019ರ ಏಪ್ರಿಲ್ 10ರಂದು ಅದನ್ನು ಜಗತ್ತಿಗೆ ತೋರಿಸಿದರು. 2022ರ ಮೇ 12ರಂದು ನಮ್ಮ ಗ್ಯಾಲಕ್ಸಿಯದೂ ಬಂತು. ಬಣ್ಣ ಮಾತ್ರ ಆಮೇಲೆ ತುಂಬಿದ್ದು. ರೇಡಿಯೋ ಅಲೆಗೆ ಬಣ್ಣ ಎಲ್ಲಿಂದ ಬರಬೇಕು?

ತಕರಾರು ಎರಡು ಥರ ಇದೆ. ಒಂದು, ಜಪಾನಿನ ಕೆಲವು ಸಂಶೋಧಕರು ಅದೇ ಡೇಟಾ ತೆಗೆದುಕೊಂಡು ಲೆಕ್ಕ ಹಾಕಿ, ತಮಗೆ ಉಂಗುರ ಸಿಗಲಿಲ್ಲ ಅಂದರು. ಮೂಲ ತಂಡ ಇದನ್ನು ಒಪ್ಪಲಿಲ್ಲ, ಬೇರೆ ಸ್ವತಂತ್ರ ತಂಡಗಳಿಗೆ ಉಂಗುರ ಸಿಕ್ಕಿದೆ. ಈ ತಕರಾರಿಗೆ ಜಾಸ್ತಿ ಬಲ ಇದೆ ಅಂತ ನಮಗನ್ನಿಸುವುದಿಲ್ಲ. ಎರಡನೆಯದು ಗಟ್ಟಿ. ಫೋಟೋದ ನಡುವೆ ಕಪ್ಪಾಗಿ ಕಾಣುವುದು ದಿಗಂತ ಅಲ್ಲ. ಅದು ದಿಗಂತಕ್ಕಿಂತ ಎರಡೂವರೆ ಪಟ್ಟು ಅಗಲದ ನೆರಳು. ದಿಗಂತವೇ ಇಲ್ಲದ, ಆದರೆ ಅಷ್ಟೇ ಬಿಗಿಯಾದ ಇನ್ನೊಂದು ವಸ್ತು ಇದ್ದರೆ ಅದೂ ಹೆಚ್ಚುಕಡಿಮೆ ಇಂಥದ್ದೇ ನೆರಳು ಕೊಡಬಹುದು.

ಗುರುತ್ವ ಅಲೆ ಸಿಕ್ಕಿದ್ದರಿಂದ ಏನು ಸಾಬೀತಾಯಿತು?

ಗುರುತ್ವ ಅಲೆ ಅಂದ್ರೆ ಭಾರಿ ವಸ್ತುಗಳು ಅಲುಗಿದಾಗ ಜಾಗವೇ ಹಿಗ್ಗಿ ಕುಗ್ಗುತ್ತಾ ಹರಡುವ ಅಲೆ. ನಮ್ಮ ಲೆಕ್ಕದಲ್ಲಿ ಫೋಟೋಗಿಂತ ಇದೇ ದೊಡ್ಡ ಸಾಕ್ಷಿ. ಇದರಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇವೆ.

ಸಿ.ವಿ. ವಿಶ್ವೇಶ್ವರ ಹುಟ್ಟಿದ್ದು 1938ರಲ್ಲಿ, ಬೆಂಗಳೂರಿನಲ್ಲಿ. ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸಂಶೋಧನೆ ಮಾಡುವಾಗ ಅವರು ಎರಡು ಸರಳ ಪ್ರಶ್ನೆ ಹಿಡಿದರು. ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಅದು ಉಳಿಯುತ್ತದಾ, ಒಡೆದುಹೋಗುತ್ತದಾ? ಉಳಿಯುವುದಾದರೆ ಅಲುಗಿದಾಗ ಎಂಥ ಅಲೆ ಬರುತ್ತದೆ? ಆಗಿನ್ನೂ ಕಪ್ಪುಕುಳಿ ಇದೆಯೆಂದೇ ಬಹಳ ಜನ ನಂಬಿರಲಿಲ್ಲ. ವಿಶ್ವೇಶ್ವರ ಲೆಕ್ಕ ಮಾಡಿ, ಅದು ಸ್ಥಿರ ಎಂದು ತೋರಿಸಿದರು. ಒಡೆಯುವಂಥದ್ದಾಗಿದ್ದರೆ ಪ್ರಕೃತಿಯಲ್ಲಿ ಹುಡುಕುವ ಮಾತೇ ಇರುತ್ತಿರಲಿಲ್ಲ. ಅಲುಗಿಸಿದ ಕಪ್ಪುಕುಳಿ ಒಂದು ನಿರ್ದಿಷ್ಟ ಶ್ರುತಿಯಲ್ಲಿ ಕಂಪಿಸಿ, ಬೇಗ ಅಡಗುತ್ತದೆ ಎಂದೂ 1970ರಲ್ಲಿ ತೋರಿಸಿದರು. ಆ ಶ್ರುತಿಯನ್ನು ನಿರ್ಧರಿಸುವುದು ಅದರ ತೂಕ ಮತ್ತು ತಿರುಗುವಿಕೆ ಮಾತ್ರ.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆ ಹಿಡಿಯಲೆಂದೇ ಇರುವ ಅಮೆರಿಕದ ಎರಡು ಲೈಗೋ ಕೇಂದ್ರಗಳಿಗೆ ಅಲೆ ತಾಗಿತು. ಒಂದರಿಂದ ಇನ್ನೊಂದಕ್ಕೆ ಬರಲು 7 ಮಿಲಿಸೆಕೆಂಡು. ಅಲ್ಲಿನ 4 ಕಿಲೋಮೀಟರ್ ಉದ್ದದ ಕೊಳವೆಗಳ ಅಳತೆ ಪ್ರೋಟಾನ್‌ನ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಬದಲಾಗಿತ್ತು. 130 ಕೋಟಿ ಜ್ಯೋತಿರ್ವರ್ಷದ ಆಚೆ, ಸೂರ್ಯನ 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿ ಸೇರಿ 62 ಪಟ್ಟಿನದು ಒಂದಾಗಿತ್ತು. ಉಳಿದ ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೊರಟಿತ್ತು. ಅಲೆಯ ಕೊನೆಯ ಭಾಗದಲ್ಲಿ ಇದ್ದದ್ದು ವಿಶ್ವೇಶ್ವರ ಹೇಳಿದ್ದ ಅದೇ ಅಡಗುವ ಕಂಪನ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂದಾಗ ಅವರು ಇದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ನೆಹರು ತಾರಾಲಯಕ್ಕೆ ಶಾಲಾ ಪ್ರವಾಸ ಹೋಗಿದ್ದೀರಲ್ವಾ? ಅದರ ಸ್ಥಾಪಕ ನಿರ್ದೇಶಕರು ಅವರೇ.

2025ರ ಜನವರಿ 14ರಂದು ಇನ್ನೂ ಸ್ಪಷ್ಟವಾದ ಅಲೆ ಸಿಕ್ಕಿತು. ಎರಡು ಕಪ್ಪುಕುಳಿ ಸೇರಿದ ಮೇಲೆ ದಿಗಂತದ ವಿಸ್ತೀರ್ಣ ಕಡಿಮೆ ಆಗುವಂತಿಲ್ಲ ಎಂದು ಹಾಕಿಂಗ್ 1971ರಲ್ಲೇ ಹೇಳಿದ್ದರು. ಇಲ್ಲಿ ಮೊದಲು ಎರಡರದ್ದೂ ಸೇರಿ ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಆಮೇಲೆ ಸುಮಾರು 4 ಲಕ್ಷ. ನಮ್ಮ ಕರ್ನಾಟಕ 1.92 ಲಕ್ಷ ಇದೆ, ಅಂದಾಜಿಗೆ ಹೇಳಿದೆವು. ಹಾಕಿಂಗ್ ಮಾತು ನಿಂತಿತು.

ಬೀಳುವ ವಸ್ತು ದಿಗಂತದ ಹತ್ತಿರ ನಿಧಾನ ಆಗಿ, ನಮ್ಮ ಪಾಲಿಗೆ ಎಂದೂ ಒಳಗೆ ಹೋಗಲ್ಲ ಅಂತ ಓದಿದ್ದೇನೆ. ಹಾಗಾದ್ರೆ ಕಪ್ಪುಕುಳಿ ಹುಟ್ಟೋದೇ ಇಲ್ಲ ಅಂತಾಯ್ತಲ್ಲ?

ಎಂಎಸ್ಸಿ ಹುಡುಗರ ಪ್ರಶ್ನೆ ಇದು. ಇದೇ ಕಾರಣಕ್ಕೆ ಸೋವಿಯತ್ ವಿಜ್ಞಾನಿಗಳು ಒಂದು ಕಾಲದಲ್ಲಿ ಇದನ್ನು ಹೆಪ್ಪುಗಟ್ಟಿದ ನಕ್ಷತ್ರ ಅನ್ನುತ್ತಿದ್ದರು.

ದೂರದಲ್ಲಿ ನಿಂತವರ ಗಡಿಯಾರದ ಪ್ರಕಾರ ಆ ಮಾತು ಸರಿ. ಆದರೆ ಬೀಳುತ್ತಿರುವವನ ಗಡಿಯಾರದಲ್ಲಿ ಅವನು ಕ್ಷಣದಲ್ಲಿ ದಾಟಿಬಿಡುತ್ತಾನೆ. ನಾವು ಬಳಸಿದ ಅಳತೆಪಟ್ಟಿಯೇ ದಿಗಂತದಲ್ಲಿ ಕೆಟ್ಟುಹೋಗುವಂಥದ್ದು, ಜಾಗ ಕೆಟ್ಟಿರುವುದಲ್ಲ. ಡೇವಿಡ್ ಫಿಂಕೆಲ್‌ಸ್ಟೀನ್ 1958ರಲ್ಲಿ ಬೇರೆ ಅಳತೆಪಟ್ಟಿ ಹಿಡಿದು ಇದನ್ನು ತೋರಿಸಿದ ಮೇಲೆ ಬಹಳ ಜನರ ಗೊಂದಲ ತಿಳಿಯಾಯಿತು. ಇನ್ನು ನಮಗೆ "ಅಲ್ಲೇ ನಿಂತಂತೆ" ಕಾಣುವ ಚಿತ್ರವೂ ನಿಲ್ಲುವುದಿಲ್ಲ. ಹತ್ತು ಸೂರ್ಯರ ತೂಕದ ಕಪ್ಪುಕುಳಿಯಾದರೆ ಕೆಲವೇ ಮಿಲಿಸೆಕೆಂಡಿನಲ್ಲಿ ಆ ಬೆಳಕು ಕೆಂಪಾಗಿ, ಮಸುಕಾಗಿ, ಇಲ್ಲವಾಗುತ್ತದೆ.

ಒಳಗಿನ ಸಿಂಗ್ಯುಲಾರಿಟಿ ನಿಜವಾ?

ಇಲ್ಲಿ ಜಗಳ ಜೋರಾಗಿದೆ. ಕೋಲ್ಕತ್ತಾದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಒಂದು ಸಮೀಕರಣ ಕೊಟ್ಟರು. ಅದರ ಬಲದಿಂದ ರೋಜರ್ ಪೆನ್‌ರೋಸ್ 1965ರಲ್ಲಿ, ಒಂದು ಹಂತ ದಾಟಿದ ಕುಸಿತ ಸಿಂಗ್ಯುಲಾರಿಟಿಯಲ್ಲೇ ಮುಗಿಯಬೇಕು ಎಂದು ಸಾಧಿಸಿದರು. 2020ರ ನೊಬೆಲ್‌ನ ಅರ್ಧ ಪಾಲು ಅವರದು. ಆದರೆ ತಿರುಗುವ ಕಪ್ಪುಕುಳಿಯ ಸಮೀಕರಣ ಬಿಡಿಸಿದ ರಾಯ್ ಕೆರ್ ಅವರೇ 2023ರಲ್ಲಿ, 89ನೇ ವಯಸ್ಸಿನಲ್ಲಿ, ಪೆನ್‌ರೋಸ್ ಸಾಧಿಸಿದ್ದು ಅಷ್ಟಲ್ಲ, ಸಿಂಗ್ಯುಲಾರಿಟಿ ಇರಲೇಬೇಕು ಅಂತೇನಿಲ್ಲ ಎಂದು ಲೇಖನ ಬರೆದರು! ಕ್ವಾಂಟಂ ಮತ್ತು ಗುರುತ್ವ ಎರಡನ್ನೂ ಕೂಡಿಸುವ ಸಿದ್ಧಾಂತ ಬರುವವರೆಗೆ ಇದು ಇತ್ಯರ್ಥ ಆಗುವ ವ್ಯಾಜ್ಯವಲ್ಲ.

"ಕಪ್ಪುಕುಳಿ ಇಲ್ಲ" ಅನ್ನುವವರು ಅದರ ಬದಲಿಗೆ ಏನಿದೆ ಅಂತಾರೆ?

ಪಟ್ಟಿ ಉದ್ದ ಇದೆ, ಮುಖ್ಯವಾದ್ದಷ್ಟೇ ಹೇಳುತ್ತೇವೆ. ಮಾಜುರ್ ಮತ್ತು ಮೊಟ್ಟೋಲಾ 2001ರಲ್ಲಿ ಗ್ರಾವಾಸ್ಟಾರ್ ಅಂದರು: ಹೊರಗೆ ತೆಳ್ಳನೆಯ ಚಿಪ್ಪು, ಒಳಗೆ ಹೊರಕ್ಕೆ ಒತ್ತುವ ಶೂನ್ಯ, ದಿಗಂತ ಇಲ್ಲ. ಭಾರತೀಯ ಮೂಲದ ಸಮೀರ್ ಮಾಥುರ್ ಅವರದು ಫಜ್‌ಬಾಲ್: ದಿಗಂತ ಇರಬೇಕಾದ ಜಾಗದವರೆಗೂ ಸ್ಟ್ರಿಂಗ್ ಎಂಬ ಅತಿ ಸೂಕ್ಷ್ಮ ಎಳೆಗಳ ಗೋಜಲು. ಬೋಸಾನ್ ಎಂಬ ಜಾತಿಯ ಕಣಗಳಿಂದಾದ ಬೋಸಾನ್ ನಕ್ಷತ್ರ ಎಂಬ ಕಲ್ಪನೆಯೂ ಇದೆ.

ನಮ್ಮ ದೇಶದಲ್ಲಿ ಈ ವಾದಕ್ಕೆ ಗಟ್ಟಿಯಾಗಿ ನಿಂತವರು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದ್ದ (ಬಾರ್ಕ್) ಅಭಾಸ್ ಮಿತ್ರ. ಕುಸಿಯುವ ನಕ್ಷತ್ರ ಬೆಳಕು ಚೆಲ್ಲುತ್ತಾ ತೂಕ ಕಳೆದುಕೊಳ್ಳುತ್ತದೆ, ಹಾಗಾಗಿ ದಿಗಂತ ಹುಟ್ಟುವುದೇ ಇಲ್ಲ, ಉಳಿಯುವುದು ಸದಾ ಕುಸಿಯುತ್ತಲೇ ಇರುವ ಬಿಸಿ ಉಂಡೆ ಎಂದು 2000ದಿಂದ ಬರೆಯುತ್ತಾ ಬಂದರು. ಹೆಚ್ಚಿನ ತಜ್ಞರು ಅವರ ಗಣಿತ ಒಪ್ಪಿಲ್ಲ. ನಮಗೂ ಫಿಂಕೆಲ್‌ಸ್ಟೀನ್ ಕಡೆಯ ಉತ್ತರವೇ ಹೆಚ್ಚು ಸರಿ ಕಾಣುತ್ತದೆ. ಆದರೆ ಅವರನ್ನು ತಲೆಕೆಟ್ಟವರು ಅನ್ನೋದೂ ತಪ್ಪು, "ಭಾರತೀಯ ವಿಜ್ಞಾನಿ ಐನ್‌ಸ್ಟೈನ್‌ನನ್ನು ಸೋಲಿಸಿದ" ಅಂತ ಮೆರವಣಿಗೆ ಮಾಡೋದೂ ತಪ್ಪು. ಎರಡೂ ನಡೆದಿದೆ.

ಈ ಎಲ್ಲ ಬದಲಿಗಳಿಗೂ ಒಂದು ಕಷ್ಟ ಇದೆ. ವಿಶ್ವೇಶ್ವರ ಹೇಳಿದ ಆ ಕಂಪನವನ್ನು ಅಷ್ಟೇ ಚೆನ್ನಾಗಿ ಇವೂ ಕೊಡಬೇಕು. ದಿಗಂತ ಇಲ್ಲದಿದ್ದರೆ ಒಳಗೆ ಹೋದ ಅಲೆ ತಾಗಿ ಹಿಂತಿರುಗಿ ಪ್ರತಿಧ್ವನಿ ಬರಬೇಕು. 2016ರಲ್ಲಿ ಕೆಲವರು ಲೈಗೋ ಡೇಟಾದಲ್ಲಿ ಪ್ರತಿಧ್ವನಿ ಸಿಕ್ಕಿತು ಅಂದರು. ಬೇರೆಯವರು ಹುಡುಕಿದಾಗ ಗಟ್ಟಿಯಾಗಿ ಏನೂ ಸಿಗಲಿಲ್ಲ.

ಹಾಕಿಂಗ್ ವಿಕಿರಣದಿಂದ ಕಪ್ಪುಕುಳಿ ಆವಿಯಾಗುತ್ತಂತೆ?

ಕಪ್ಪುಕುಳಿ ತುಸು ತುಸುವೇ ವಿಕಿರಣ ಹೊರಸೂಸಿ ತೂಕ ಕಳೆದುಕೊಳ್ಳುತ್ತದೆ ಅನ್ನೋದು ಹಾಕಿಂಗ್ ಲೆಕ್ಕ. ಆ ಲೆಕ್ಕದ ಪ್ರಕಾರ ಹೌದು, ಯಾರೂ ನೋಡಿಲ್ಲ. ಸೂರ್ಯನಷ್ಟು ತೂಕದ ಕಪ್ಪುಕುಳಿಯ ಉಷ್ಣತೆ ಕೆಲ್ವಿನ್‌ನ ಒಂದು ಕೋಟಿ ಭಾಗದಲ್ಲಿ ಒಂದಕ್ಕೂ ಕಡಿಮೆ. ಸುತ್ತಲಿನ ಆಕಾಶವೇ 2.7 ಕೆಲ್ವಿನ್ ಇದೆ. ಹಾಗಾಗಿ ಈಗ ಅದು ಕರಗುವುದಕ್ಕಿಂತ ಬೆಳೆಯುವುದೇ ಜಾಸ್ತಿ. ಕರಗಿದರೆ ಒಳಗಿನ ಮಾಹಿತಿ ಎಲ್ಲಿಗೆ ಹೋಯಿತು ಅನ್ನೋದು ಇನ್ನೊಂದು ದೊಡ್ಡ ಜಗಳ. ಅದರ ಮೇಲೂ ಹಾಕಿಂಗ್ 1997ರಲ್ಲಿ ಬಾಜಿ ಕಟ್ಟಿ 2004ರಲ್ಲಿ ಸೋಲೊಪ್ಪಿದರು. ಬಾಜಿಯ ವಿಷಯದಲ್ಲಿ ಪುಣ್ಯಾತ್ಮನಿಗೆ ಅದೃಷ್ಟ ಇರಲಿಲ್ಲ.

ರಾಹು-ಕೇತು ಅಂದ್ರೆ ಕಪ್ಪುಕುಳಿನಾ?

ಅಲ್ಲ. ಆಕಾಶದಲ್ಲಿ ಸೂರ್ಯನ ದಾರಿಯನ್ನು ಚಂದ್ರನ ದಾರಿ ಎರಡು ಕಡೆ ಕತ್ತರಿಸುತ್ತದೆ. ಆ ಎರಡು ಬಿಂದುಗಳೇ ರಾಹು, ಕೇತು. ಗ್ರಹಣದ ಲೆಕ್ಕಕ್ಕೆ ಬೇಕಾದವು, ಅಲ್ಲಿ ವಸ್ತು ಏನೂ ಇಲ್ಲ.

ಭೂಮಿಯನ್ನು ನುಂಗುತ್ತಾ?

ಇಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ಚಳಿಗೆ ಸಾಯುತ್ತೇವೆ, ಅದು ಬೇರೆ ವಿಷಯ.

ಚಳ್ಳಕೆರೆಯಲ್ಲಿ ಗುಟ್ಟಾಗಿ ಕಪ್ಪುಕುಳಿ ಪ್ರಯೋಗ ನಡೀತಿದೆಯಂತೆ?

ಯಾರು ಹಬ್ಬಿಸಿದರೋ! ಚಳ್ಳಕೆರೆ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ಕೇಂದ್ರದಲ್ಲಿ ವಿಮಾನ, ಡ್ರೋನ್ ಪರೀಕ್ಷೆ ನಡೆಯುತ್ತದೆ. ಇಸ್ರೋದ ಮರುಬಳಕೆ ವಾಹನ ಪುಷ್ಪಕ್ ಇಳಿದದ್ದೂ ಅಲ್ಲೇ, 2023 ಮತ್ತು 2024ರಲ್ಲಿ. ಕುದಾಪುರದಲ್ಲಿ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಕಪ್ಪುಕುಳಿಯನ್ನು ಯಾವ ಪ್ರಯೋಗಾಲಯದಲ್ಲೂ ಮಾಡಲು ಬರುವುದಿಲ್ಲ.

ನಮ್ಮೂರಿಂದ ಕಪ್ಪುಕುಳಿ ನೋಡಬಹುದಾ?

ಅದನ್ನಲ್ಲ, ಅದಿರುವ ದಿಕ್ಕನ್ನು ನೋಡಬಹುದು. ಜುಲೈ-ಆಗಸ್ಟ್‌ನಲ್ಲಿ ಮೋಡ ಬಿಟ್ಟ ರಾತ್ರಿ, ಒಂಬತ್ತು ಗಂಟೆ ಸುಮಾರಿಗೆ ದಕ್ಷಿಣಕ್ಕೆ ತಿರುಗಿ. ಚೇಳಿನ ಕೊಂಡಿಯ ಹಾಗೆ ಬಾಗಿದ ನಕ್ಷತ್ರಗಳು ಕಾಣುತ್ತವೆ, ಪಂಚಾಂಗದವರ ಮೂಲಾ ನಕ್ಷತ್ರ. ಅದರ ಎಡಕ್ಕೆ ಧನು ರಾಶಿ. ಇವೆರಡರ ನಡುವೆ, ತುಸು ಮೇಲಕ್ಕೆ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ ಸ್ಯಾಜಿಟೇರಿಯಸ್ ಎ ಸ್ಟಾರ್ ಇದೆ. ದಾವಣಗೆರೆ ಪೇಟೆಯಿಂದ ಕಷ್ಟ, ದೀಪ ಜಾಸ್ತಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಯಲು ಒಳ್ಳೆಯದು.

ಈ ಚರ್ಚೆ ಯಾವಾಗ ಮುಗಿಯುತ್ತೆ?

ದಿಗಂತದ ಪ್ರಶ್ನೆಗೆ ಇನ್ನೂ ಸೂಕ್ಷ್ಮವಾಗಿ ಕೇಳುವ ಕಿವಿಗಳು ಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾಗೆ 2023ರಲ್ಲಿ ಕೇಂದ್ರ ಸರ್ಕಾರ 2,600 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿದೆ. ಗುರುತ್ವ ಅಲೆ ಹಿಡಿಯುವ ಯೂರೋಪಿನವರ ಯೋಜನೆ ಲೀಸಾ 2035ರ ಸುಮಾರಿಗೆ ಅಂತರಿಕ್ಷಕ್ಕೆ ಹೋಗಬೇಕು. ಚಿಕ್ಕ ವಸ್ತುವೊಂದು ದೈತ್ಯ ಕಪ್ಪುಕುಳಿಯ ಸುತ್ತ ಸಾವಿರಾರು ಸುತ್ತು ಹಾಕಿ ಬೀಳುವುದನ್ನು ಅದು ಆಲಿಸುತ್ತದೆ. ಮೇಲ್ಮೈ ಇದ್ದರೆ ಆಗ ಬಚ್ಚಿಟ್ಟುಕೊಳ್ಳೋದು ಕಷ್ಟ.

ಪರೀಕ್ಷೆಯಲ್ಲಿ "ಕಪ್ಪುಕುಳಿ ಎಂದರೇನು" ಅಂತ ಬಂದರೆ ಇದೆಲ್ಲ ಬರೀಬೇಕಾ?

ದಯವಿಟ್ಟು ಬೇಡ. ಭಾರಿ ನಕ್ಷತ್ರ ಕುಸಿದಾಗ ಉಂಟಾಗುವ, ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ಪ್ರದೇಶ ಅಂತ ಬರೆಯಿರಿ. ಪಕ್ಕದಲ್ಲಿ ಒಂದು ಚಿತ್ರ ಬರೆದು ದಿಗಂತ ಗುರುತಿಸಿ. ಗ್ರಾವಾಸ್ಟಾರ್ ಬಗ್ಗೆ ಬರೆದರೆ ಮೌಲ್ಯಮಾಪಕರಿಗೆ ಕೊಟ್ಟಿರುವ ಮಾದರಿ ಉತ್ತರದಲ್ಲಿ ಅದು ಇರುವುದಿಲ್ಲ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.